ಮಾಯಮ್ಮನವರು ಕೈಬಿಟ್ಟ ಮಾದರಿ ಪಾಠ

ಹಾಸನ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಇಂದು ಇಂಗ್ಲಿಷ್ ಕಲಿಸುತ್ತಿರುವ ಶಿಕ್ಷಕರ ಪೈಕಿ ಶ್ರೀಮತಿ ಮಾಯಮ್ಮನವರ ಕೈಯಲ್ಲಿ ಪಳಗದವರು ವಿರಳ. ಹಿರೀಸಾವೆಯ ರೈತ ಕುಟುಂಬದಲ್ಲಿ ಹುಟ್ಟಿ, ಹೈಸ್ಕೂಲು ಮೆಟ್ಟಿಲು ಹತ್ತುವವರೆಗೂ ಇಂಗ್ಲಿಷಿನ ಗಾಳಿ ಸೋಕದೆ ಬೆಳೆದು, ಮುಂದೆ ಅದೇ ಭಾಷೆಯನ್ನು ಕಲಿಸುವವರಿಗೇ ಕಲಿಸುವ ಹೊಣೆ ಹೊತ್ತ ಅವರು ಈ ಮೇ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಗ್ರಂಥದಲ್ಲಿ ಗೆಲುವುಗಳನ್ನೇ ಬರೆಯುವುದು ವಾಡಿಕೆ. ಆದರೆ ಮೇಡಂ ಅವರ ಸೋಲೊಂದನ್ನು ಬಿಟ್ಟು ಬರೆದರೆ ಅವರೇ ಬೈದಾರು.

ತರಬೇತಿಯ ಮಾದರಿ ಪಾಠವೆಂದರೆ ಬಲ್ಲವರಿಗೆ ಗೊತ್ತು. ಒಬ್ಬರು ಮೇಷ್ಟ್ರಾಗುತ್ತಾರೆ, ಉಳಿದ ಮೇಷ್ಟ್ರುಗಳೆಲ್ಲ ಬೆಂಚಿನ ಮೇಲೆ ಕೂತು ಮಕ್ಕಳಾಗುತ್ತಾರೆ. ಮೀಸೆ ನರೆತ ಆ ಮಕ್ಕಳು ಕೇಳಿದ್ದಕ್ಕೆಲ್ಲ ಥಟ್ಟನೆ ಇಂಗ್ಲಿಷಿನಲ್ಲಿ ಉತ್ತರಿಸಿ, ಚಪ್ಪಾಳೆ ತಟ್ಟಿ, ಬೋಂಡಾ ಟೀಗೆ ಏಳುತ್ತಾರೆ. ಈ ಕಲೆಯಲ್ಲಿ, ತರಕಾರಿ ಮಾರುತ್ತ ಕೊಳ್ಳುತ್ತ ಇಂಗ್ಲಿಷ್ ಆಡಿಸುವ ಮಾಯಮ್ಮನವರ ‘ಸಂತೆ’ ಪಾಠಕ್ಕೆ ಸಾಟಿಯಿರಲಿಲ್ಲ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಅದನ್ನು ಬರೆದುಕೊಂಡು ಹೋಗದ ಶಿಕ್ಷಕರಿಲ್ಲ.

ಕೆಲವು ವರ್ಷಗಳ ಹಿಂದೆ ಅವರು ಹೊಳೆನರಸೀಪುರದ ಬಳಿಯ ಶಾಲೆಯೊಂದಕ್ಕೆ ಹೋದಾಗ, ಅವರಿಂದ ತರಬೇತಿ ಪಡೆದಿದ್ದ ಅಲ್ಲಿನ ಶಿಕ್ಷಕ ಮನು ಅದೇ ಪಾಠವನ್ನು, ಅದೇ ತರಕಾರಿ ಅದೇ ತಮಾಷೆಗಳೊಡನೆ, ಚೂರೂ ಬಿಡದೆ ಮಾಡುತ್ತಿದ್ದರು. ಮಕ್ಕಳು ತುಟಿಪಿಟಕ್ಕೆನ್ನಲಿಲ್ಲ. ಮೇಡಂ ತಾವೇ ಸೀಮೆಸುಣ್ಣ ಹಿಡಿದರು. ಆಗಲೂ ಅಷ್ಟೇ.

“ಈ ಮಕ್ಕಳು ಸ್ವಲ್ಪ ಮಂದ ಮೇಡಂ,” ಎಂದರು ಮನು.

“ಮಕ್ಳಲ್ಲ ಕಣಪ್ಪ, ನನ್ ಪಾಟ. ಇಷ್ಟು ವರ್ಸ ಮೇಷ್ಟ್ರುಗಳ್ನೇ ಮುಂದೆ ಕೂರುಸ್ಕಂಡು ಆಟ ಆಡ್ಬುಟ್ಟೆ.”

ಹಾಸನದ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆನೆಂದು ಅವರೇ ಆಮೇಲೆ ಹೇಳಿಕೊಂಡರು.

ಅಲ್ಲಿಂದಾಚೆಗೆ ತರಬೇತಿಯು ಸಭಾಂಗಣ ಬಿಟ್ಟು ಶಾಲೆಯ ಜಗುಲಿಗೆ, ಮಕ್ಕಳ ನಡುವಿಗೆ ಬಂತು. ಮಗು ತನಗೆ ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಹೇಳಬೇಕು, ಅದಕ್ಕೆ ಬೇಕಾದ ಇಂಗ್ಲಿಷ್ ಮಾತನ್ನು ಶಿಕ್ಷಕರು ಒದಗಿಸಬೇಕು. ಇಷ್ಟೇ ಅವರ ಹೊಸ ಪದ್ಧತಿ. ಸುದ್ದಿ ಕೇಳಿ ಮೇಲಧಿಕಾರಿಯೊಬ್ಬರು ಕೆಂಡವಾದರು. ಇಂಗ್ಲಿಷ್ ತರಬೇತಿಯಲ್ಲಿ ಕನ್ನಡವೇ? ತಾವೇ ಬಂದು ನೋಡುವುದಾಗಿಯೂ, ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡದಿದ್ದರೆ ತರಬೇತಿಯು ಸಭಾಂಗಣಕ್ಕೆ ಮರಳುವುದಾಗಿಯೂ, ಮಾಯಮ್ಮನವರು ಬೇರೆ ಕೆಲಸಕ್ಕೆ ಹೋಗಬೇಕಾಗುವುದಾಗಿಯೂ ತಿಳಿಸಿದರು. ಅವರು ಆರಿಸಿದ್ದು, ಅಷ್ಟರಲ್ಲಿ ಹೊಸ ಪದ್ಧತಿ ಹಿಡಿದಿದ್ದ ಮನು ಅವರ ಶಾಲೆಯನ್ನೇ.

“ನಾಕು ಉತ್ತರ ಬಾಯಿಪಾಠ ಮಾಡುಸ್ಬುಡನಾ ಮೇಡಂ?”

“ಬ್ಯಾಡ ಮನು. ಆಮೇಲೆ ಇವ್ರೂ ಮೇಷ್ಟ್ರುಗಳಂಗೇ ಆಯ್ತಾರೆ.”

ಅಧಿಕಾರಿಗಳು ಬಂದಾಗ ಬಿಸಿಯೂಟದ ಹೊತ್ತು ಹತ್ತಿರವಾಗಿತ್ತು. ಹೆಸರು, ಬಣ್ಣ, ವಾರಗಳನ್ನು ಇಂಗ್ಲಿಷಿನಲ್ಲಿ ಗದರಿಸಿ ಗದರಿಸಿ ಕೇಳಿದರು. ಒಂದು ಮಗುವೂ ಬಾಯಿ ಬಿಡಲಿಲ್ಲ. ಅಧಿಕಾರಿಗಳು ಸಾಕಾಗಿ ಕುರ್ಚಿಗೆ ಒರಗಿ ಬೆವರು ಒರೆಸಿಕೊಂಡರು. ಮುಂದಿನ ಸಾಲಿನ ಪುಟ್ಟ ನಿಧಿ ಅವರ ಮುಖವನ್ನೇ ನೋಡುತ್ತ ಕೇಳಿದಳು:

“ಸಾ, ಯು ಈಟ್?”

ತಿದ್ದಲು ಎದ್ದ ಮನು ಅವರ ತೋಳು ಹಿಡಿದು ಮೇಡಂ ಕೂರಿಸಿದರು.

“ಇಲ್ಲ ಕಣಮ್ಮ, ಇನ್ನೂ ಇಲ್ಲ,” ಎಂದರು ಅಧಿಕಾರಿಗಳು, ಕನ್ನಡದಲ್ಲಿ.

ಅಷ್ಟೇ ಸಾಕಾಯಿತು. “ಕಮ್ ಸಾ! ರೈಸ್! ಸಾಂಬಾರ್! ಟುಡೇ ಎಗ್!” ಎಂದು ಇಡೀ ತರಗತಿ ಅವರ ಮೇಲೆ ಬಿದ್ದಿತು. ಮಕ್ಕಳ ಸಾಲಿನಲ್ಲೇ ಕೂತು ಉಂಡು ಹೊರಟ ಆ ಅಧಿಕಾರಿಗಳು ಬೇರೆ ಕೆಲಸದ ಮಾತನ್ನು ಮತ್ತೆ ಎತ್ತಲಿಲ್ಲ. ತರಬೇತಿ ಇಂದಿಗೂ ಜಗುಲಿಯಲ್ಲೇ ನಡೆಯುತ್ತಿದೆ.

ನಿವೃತ್ತಿಯ ಮೇಲೆ ಏನು ಮಾಡುವಿರೆಂದು ಮೊನ್ನೆ ಮನು ಕೇಳಿದರಂತೆ.

“ಇಷ್ಟು ಕಾಲ ಮೇಷ್ಟ್ರುಗಳ್ಗೇ ಪಾಟ ಮಾಡ್ದೆ ಕಣಪ್ಪ. ನಮ್ ಮಿಸ್ಸು ಅಂತ ರೋಡಲ್ಲಿ ಓಡ್ಬರೋ ಮಗ ಒಂದೂ ಇಲ್ಲ ನಂಗೆ. ನಿನ್ನ ಒಂದ್ನೇ ಕ್ಲಾಸು ಕೊಡ್ತೀಯಾ? ಸಂಬ್ಳ ಗಿಂಬ್ಳ ಏನೂ ಬ್ಯಾಡ.”

ಮಾಯಮ್ಮನವರಿಗೆ ಭಗವಂತನು ಆಯುರಾರೋಗ್ಯಗಳನ್ನು ಕೊಡಲಿ. ತರಗತಿಯನ್ನು ಮನು ಕೊಟ್ಟಾಗಿದೆ.