ಸೊಪ್ಪಿನಂಟಿನ ಪುಸ್ತಕ

ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ನಾನು ಒಂದು ಪೆಟ್ಟಿಗೆ ಮಕ್ಕಳ ಪುಸ್ತಕ ಕೊಟ್ಟಿದ್ದೆ. ಕೊಟ್ಟ ಮೇಲೆ ಸುಮ್ಮನಿರಬೇಕಿತ್ತು. ಕಥೆ ಬರೆಯುವವಳಿಗೆ ಸುಮ್ಮನಿರಲು ಬರುವುದಿಲ್ಲ. ಮುಚ್ಚಳದ ಮೇಲೆ ನಿಯಮಗಳನ್ನೂ ಅಂಟಿಸಿದೆ. ತಾಯಂದಿರು ಮಗುವಿಗೆ ದಿನಾ ಇಪ್ಪತ್ತು ನಿಮಿಷ ಓದಿ ಹೇಳಬೇಕು. ಓದಿದ ದಿನ ಪುಸ್ತಕದೊಳಗಿನ ಕಾರ್ಡಿಗೆ ಸಹಿ ಹಾಕಬೇಕು. ಪುಸ್ತಕ ಕೊಳೆ ಮಾಡಿದವರಿಗೆ ಇನ್ನೊಂದು ಪುಸ್ತಕ ಕೊಡಲಾಗುವುದಿಲ್ಲ. ‘ತಾಯಂದಿರು’ ಅಂತಲೇ ಬರೆದಿದ್ದೆ. ಮನೆಗೆಲಸವನ್ನು ಗಂಡಸರೂ ಹಂಚಿಕೊಳ್ಳಬೇಕೆಂದು ಹದಿನೈದು ವರ್ಷದಿಂದ ಕಥೆ ಬರೆಯುತ್ತಿರುವ ಕೈಯೇ ಅದನ್ನೂ ಬರೆದದ್ದು.

ಸೆಪ್ಟೆಂಬರಿನಲ್ಲಿ ಪುಸ್ತಕಗಳ ಗತಿ ನೋಡಲು ಹಾಸನದಿಂದ ಬಸ್ಸು ಹತ್ತಿ ಹೋದೆ. ಎರಡನೇ ತರಗತಿಯ ತೇಜಶ್ರೀ ಹಿಂದಿರುಗಿಸಿದ ಪುಸ್ತಕದ ಮೊದಲ ಪುಟಗಳ ತುಂಬ ಕಪ್ಪು ಕಲೆ. ಕೊನೆಯ ಪುಟಗಳು ಮಾತ್ರ ಅಂಗಡಿಯಿಂದ ಈಗ ತಂದಂತಿದ್ದವು. ಕಾರ್ಡಿನಲ್ಲಿ ಒಂದು ಸಹಿಯೂ ಇಲ್ಲ. ನನಗೆ ಎಲ್ಲ ಅರ್ಥವಾಗಿಬಿಟ್ಟಿತು: ಒಲೆಯ ಪಕ್ಕ ಬಿಸಾಕಿದ್ದಾರೆ, ಅರ್ಧಕ್ಕೇ ಓದು ಬಿಟ್ಟಿದ್ದಾರೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಪಟ್ಟಿಯಲ್ಲಿ ಹುಡುಗಿಯ ಹೆಸರಿಗೆ ಗೆರೆ ಎಳೆದೆ.

“ಆನೆದು ಇನ್ನೊಂದ್ ಪುಸ್ತಕ ಐತಲ್ಲ ಮಿಸ್, ಅದು?” ಎಂದಳು.

ನಿಯಮದ ಕಡೆ ಬೆರಳು ತೋರಿಸಿದೆ. ಅವಳು ಅದನ್ನು ತಡವರಿಸದೆ ಗಟ್ಟಿಯಾಗಿ ಓದಿ, ತಲೆ ಬಗ್ಗಿಸಿಕೊಂಡು ಹೋದಳು. ಎರಡನೇ ತರಗತಿಯ ಮಗು ನನ್ನ ‘ಕೊಡಲಾಗುವುದಿಲ್ಲ’ವನ್ನು ಒಂದೇ ಉಸಿರಿಗೆ ಓದಿತಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಶಾಲೆ ಬಿಟ್ಟಾಗ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನಿಲ್ದಾಣದ ಎದುರಿನ ಚಪ್ಪರದಡಿ ಏಳೆಂಟು ಹೆಂಗಸರು ಹಸಿ ಹೊಗೆಸೊಪ್ಪನ್ನು ಉದ್ದದ ಕಡ್ಡಿಗಳಿಗೆ ಕಟ್ಟುತ್ತಿದ್ದರು. ತೇಜಶ್ರೀ ಅಲ್ಲಿ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ತಾಯಿ ಎದ್ದು ಬಂದಳು.

ಅವಳು ಭಾನುಪ್ರಿಯಾ, ಹಳ್ಳಿಮೈಸೂರಿನ ಕಡೆಯವಳು. ಒಂಬತ್ತನೇ ತರಗತಿಯಲ್ಲಿದ್ದಾಗ ಅವಳ ಅವ್ವ ಹಾಸಿಗೆ ಹಿಡಿದರು. ಇಬ್ಬರು ಅಣ್ಣಂದಿರಿದ್ದರೂ ಶಾಲೆ ಬಿಟ್ಟು ಮನೆಗೆ ನಿಂತವಳು ಇವಳು. ಈಗ ಐದಕ್ಕೆ ಎದ್ದು ನೀರು, ಹಸು, ಮುದ್ದೆ ಮುಗಿಸಿ ಎಂಟಕ್ಕೆ ಚಪ್ಪರಕ್ಕೆ ಬಂದರೆ ಸಂಜೆವರೆಗೂ ಕೂಲಿ. ಗಂಡ ಅರುಣ್‌ಕುಮಾರ್ ಗಾರೆ ಕೆಲಸದವನು. ಮನೆಗೆ ಬಂದ ಮೇಲೆ ಮೊಬೈಲು ಓದುತ್ತಾನೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಕೊಳೆ ಒಂದೇ.

“ಮೇಡಮ್ಮೋರೆ, ಮಗೀಗೆ ಪುಸ್ತಕ ಇಲ್ಲ ಅಂದ್ರಂತೆ.”

“ನೋಡಮ್ಮ, ಪುಸ್ತಕವನ್ನ ಒಲೆ ಹತ್ತಿರ ಇಡಬಾರದು.”

“ಒಲೆತವ ಮಡಗಿಲ್ಲ. ಇದು ಸೊಪ್ಪಿನಂಟು.” ಎರಡೂ ಕೈ ಚಾಚಿದಳು. ಬೆರಳುಗಳು ಟಾರು ಬಳಿದಂತಿದ್ದವು. “ಸೋಪ್ಗೆ ಓಗಕಿಲ್ಲ. ಇಸ್ಕೂಲು ಬುಟ್ಮೇಲೆ ಮಗ್ಳು ಎದುರ್ಗೆ ಪುಸ್ತಕ ಇಡ್ಕಂಡು ಕೂತ್ಕತಾಳೆ, ನಾನು ಸೊಪ್ಪು ಕಟ್ಕಂಡೇ ಓದೇಳ್ತೀನಿ. ಅಕ್ಸರ ತೋರುಸ್ಬೇಕಲ್ಲ, ಬೆಟ್ಟು ಮಡುಗ್ತಿದ್ದೆ.”

“ಸಹಿ ಯಾಕೆ ಹಾಕಿಲ್ಲ?”

“ಕಾರ್ಡೂ ಕೊಳೆ ಆಯ್ತದಲ್ಲ ಅಂತ.”

ಚಪ್ಪರದಿಂದ ಅವಳ ಅತ್ತೆ ಮಾರಮ್ಮ ಕೂಗಿದರು: “ನನ್ ಮಗನ್ ಕೈಗೆ ಅಂಟಿಲ್ಲ ಕಣವ್ವ, ಆದ್ರೆ ಆ ಕೈ ಮೊಬೈಲ್‌ಗೆ ಅಂಟ್ಕಂಡೈತೆ. ನಿಮ್ಮನೇಲಿ ಯಾರು ಓದೇಳೋರು?”

ಹೆಂಗಸರು ನಕ್ಕರು. “ನಾನೇ,” ಎಂದೆ.

ಸುಳ್ಳು. ನನ್ನ ಮಗಳು ಪ್ರೇಕ್ಷಾಳ ಶಾಲೆಯಲ್ಲೂ ಇಂಥದೇ ಕಾರ್ಡು ಕೊಟ್ಟಿದ್ದರು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಒಂದು ತಿಂಗಳ ಸಹಿ ಹಾಕಿ ಮುಗಿಸಿದ್ದೆ. ಅನುಮಾನ ಬರದಿರಲೆಂದು ಎರಡು ಪೆನ್ನಿನಲ್ಲಿ. ‘ಆದರ್ಶ ಪೋಷಕಿ’ ಎಂಬ ಪ್ರಮಾಣಪತ್ರ ಇಂದಿಗೂ ನಮ್ಮ ಫ್ರಿಜ್ಜಿನ ಬಾಗಿಲಲ್ಲಿದೆ.

ಮುಖ ಎಲ್ಲಿಟ್ಟುಕೊಳ್ಳಲೆಂದು ತಿಳಿಯದೆ ಚೀಲದಿಂದ ಪುಸ್ತಕ ತೆಗೆದೆ. ಮೊದಲ ಪುಟದಲ್ಲಿ ಒಂದೊಂದು ಅಕ್ಷರದ ಕೆಳಗೂ ಒಂದೊಂದು ಕಲೆ. ನಾಲ್ಕನೇ ಪುಟಕ್ಕೆ ಬಂದರೆ ಪದಕ್ಕೊಂದು. ಎಂಟನೆಯದರಲ್ಲಿ ಸಾಲಿಗೊಂದು. ಆಮೇಲೆ ಏನೂ ಇಲ್ಲ.

“ಇಲ್ಲಿಂದ ಕಲೆಯೇ ಇಲ್ಲವಲ್ಲ?”

“ಅಲ್ಲಿಂದ ಅವ್ಳೇ ಓದ್ಕಂಡ್ಳು. ನಾನು ಬರೀ ಕೇಳುಸ್ಕಂಡೆ.”

ನನಗೆ ಓದು ಬರುತ್ತದೆಂದು ಜಿಲ್ಲೆಯ ನಾಲ್ಕಾರು ಜನ ನಂಬಿದ್ದಾರೆ. ಅವರಿಗೆ ಇದನ್ನು ಹೇಳಿಲ್ಲ.

ಬಸ್ಸು ಬಂತು, ಹೋಯಿತು. ತೇಜಶ್ರೀಯನ್ನು ಕರೆದುಕೊಂಡು ಶಾಲೆಗೆ ಹಿಂದಿರುಗಿದೆ. ಮೇಷ್ಟ್ರು ಇನ್ನೂ ಬಾಗಿಲು ಹಾಕಿರಲಿಲ್ಲ. ನಾನು ಬಂದ ದಿನ ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇರಬೇಕು, ಅದೂ ನನ್ನದೇ ನಿಯಮ. ಕೊಳೆಯ ಸಾಲನ್ನು ಹೊಡೆದುಹಾಕಿದೆ. ‘ತಾಯಂದಿರು’ ಇದ್ದಲ್ಲಿ ‘ಅಪ್ಪ’ ಎಂದು ಬರೆದೆ. ಅರುಣ್‌ಕುಮಾರ್ ಅದನ್ನು ಓದುತ್ತಾನೆಂಬ ಭರವಸೆಯೇನೂ ಇಲ್ಲ. ನನ್ನ ಗಂಡ ನನ್ನ ಕಥೆಗಳನ್ನೇ ಓದಿಲ್ಲ.

ಆನೆಯ ಪುಸ್ತಕ ತೆಗೆದುಕೊಟ್ಟೆ. ತೇಜಶ್ರೀ ಪುಟಗಳನ್ನು ಒಂದೊಂದಾಗಿ ತಿರುವಿದಳು. ಎಲ್ಲೂ ಒಂದು ಚುಕ್ಕೆ ಇರಲಿಲ್ಲ. ಮತ್ತೆ ಮೊದಲ ಪುಟಕ್ಕೆ ಬಂದಳು.

“ಪ್ರೇಕ್ಷಾ ಅಂತ ಬರ್ದೈತೆ. ಅವ್ಳು ಓದೇ ಇಲ್ವಾ ಮಿಸ್?”

“ಅವಳಿಗೆ ಓದಿ ಹೇಳೋಕೆ ಅವಳಮ್ಮನಿಗೆ ಪುರುಸೊತ್ತಿರಲಿಲ್ಲ.”

“ಅವ್ರೂ ಸೊಪ್ಪು ಕಟ್ತಾರಾ?”

“ಇಲ್ಲ,” ಎಂದೆ. “ನಿಯಮ ಬರೀತಾರೆ.”

ಅದೇನು ಕೆಲಸವೆಂದು ಅವಳು ಕೇಳಲಿಲ್ಲ. ಪುಸ್ತಕ ಎದೆಗವಚಿಕೊಂಡು ಚಪ್ಪರದ ಕಡೆ ಓಡಿದಳು.