ಸಾಮಂತನ ಕಿರೀಟ

ನಾನು ನಿಂತಿದ್ದದ್ದು ರಂಗದ ಎಡಗಡೆ, ಪಕ್ಕದ ಪರದೆಯ ಮರೆಯಲ್ಲಿ. ತೊಂಬತ್ತೇಳರ ಬೇಸಿಗೆ, ಒಂದು ಭಾನುವಾರ, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ಟಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಒಂದು ಹಳ್ಳಿ. ಮಾತು ಮರೆತವರಿಗೆ ಎತ್ತಿಕೊಡುವುದು ನನ್ನ ಕೆಲಸ; ಅದಕ್ಕೇ ನಾಟಕದ ಪ್ರತಿ ಕೈಯಲ್ಲಿತ್ತು.

ಹೋದ ತಿಂಗಳು ನಂಜನಗೂಡಿನಲ್ಲಿ ಮೇಷ್ಟ್ರ ತಿಥಿಯ ದಿನ ಅವರ ಟ್ರಂಕು ತೆರೆದರು. ಅರದಾಳದ ವಾಸನೆ ಬಂತು. ವೇಷ ಕಟ್ಟುವಾಗ ಮುಖಕ್ಕೆ ಮೊದಲು ಬಳಿಯುವ ಆ ಹಳದಿ ಪುಡಿ... ಅದರ ಜೊತೆಗೇ ಆ ಮಧ್ಯಾಹ್ನವೂ ಬಂತು.

ಮೇಷ್ಟ್ರು ಅಂದರೆ ಹಾರ್ಮೋನಿಯಂ ಮೇಷ್ಟ್ರು. ಮಠದ ಪಾಠಶಾಲೆಯಲ್ಲಿ ಓದಿದವರು. ಹಳ್ಳಿಹಳ್ಳಿಗೆ ಹೋಗಿ ತಾವೇ ಕಟ್ಟಿದ ರಾಜದರ್ಬಾರಿನ ನಾಟಕ ಕಲಿಸುತ್ತಿದ್ದರು. ಹಾಡಿಗೂ ಮೊದಲು ಅವರು ಕಲಿಸುತ್ತಿದ್ದದ್ದು ಅಂತಸ್ತು. ಎಲ್ಲರಿಗಿಂತ ಮೇಲೆ ಚಕ್ರವರ್ತಿ. ಅವನ ಕೆಳಗೆ ಮಹಾರಾಜ, ಆಮೇಲೆ ಸಾಮಂತ, ಆಮೇಲೆ ಪಾಳೇಗಾರ. ಪಾಳೇಗಾರನಿಗೆ ಕಿರೀಟವಿಲ್ಲ, ತುರಾಯಿ ಸಿಕ್ಕಿಸಿದ ಪೇಟ. ದಳವಾಯಿ ಸೈನ್ಯಕ್ಕೆ ದೊಡ್ಡವನಾದರೂ ದರ್ಬಾರಿನಲ್ಲಿ ನಿಂತೇ ಇರಬೇಕು. ಚಕ್ರವರ್ತಿ ಬಂದಾಗ ಎಲ್ಲರೂ ಏಳಬೇಕು, ಅವನು ‘ಆಸೀನರಾಗಿ’ ಅನ್ನುವವರೆಗೆ ಯಾರೂ ಕೂರುವಂತಿಲ್ಲ.

ಬೇರೆ ಕಡೆ ಊರಿನ ದೊಡ್ಡ ಮನೆಯವರಿಗೆ ದೊಡ್ಡ ಪಾತ್ರ ಸಿಗುತ್ತಿತ್ತು. ನಮ್ಮ ಮೇಷ್ಟ್ರು ಮಾತ್ರ ಶ್ರುತಿ ಹಿಡಿದು ಹಾಡಿಸಿ, ಯಾರ ಗಂಟಲು ನಿಲ್ಲುತ್ತದೋ ಅವರಿಗೆ ಕೊಡುತ್ತಿದ್ದರು. ಆ ವರ್ಷ ಚಕ್ರವರ್ತಿಯಾದವನು ಮಹದೇವ. ಊರಾಚೆಯ ಬೀದಿಯವನು, ಮನೆಯಲ್ಲಿ ಬುದ್ಧನ ಪಟವಿದ್ದವನು, ಕೂಲಿ ಮಾಡುತ್ತಿದ್ದವನು. ಸಾಮಂತನ ಪಾತ್ರ, ಅವನು ಯಾರ ಗದ್ದೆಗೆ ಕೂಲಿಗೆ ಹೋಗುತ್ತಿದ್ದನೋ ಆ ಮನೆಯ ಪುಟ್ಟಸ್ವಾಮಿಗೆ. ತಾಲೀಮಿನ ದಿನಗಳಲ್ಲಿ ಇಬ್ಬರೂ ನಗುತ್ತಲೇ ಇದ್ದರು. “ಮೇಷ್ಟ್ರೇ, ಚಕ್ರವರ್ತಿ ಬೀಡಿ ಸೇದಾಕೆ ಎಲ್ಗೋಗ್ಬೇಕು?” ಎಂದು ಮಹದೇವ ಕೇಳಿದ್ದ. “ಚಕ್ರವರ್ತಿ ಬೀಡಿ ಸೇದಲ್ಲ ಕಣಯ್ಯ. ಅದನ್ನ ಪಾಳೇಗಾರನಿಗೆ ಬಿಟ್ಟಿದ್ದೀವಿ” ಎಂದಿದ್ದರು ಮೇಷ್ಟ್ರು.

ಆ ಭಾನುವಾರ ವೇಷ ಕಟ್ಟಿಕೊಂಡು ಮಾಡುವ ಕಡೆಯ ತಾಲೀಮು. ಊರವರು ನೋಡಲು ಬಂದು ಕೂತಿದ್ದರು. ಮಹದೇವ ಕಿರೀಟ ಧರಿಸಿ ಒಳಗೆ ಬಂದ. ಉಳಿದವರು ಎದ್ದರು. ಪುಟ್ಟಸ್ವಾಮಿಯೂ ಅರ್ಧ ಎದ್ದಿದ್ದ, ನಾನು ನೋಡಿದೆ. ಅಷ್ಟರಲ್ಲಿ ಕೆಳಗಿನಿಂದ ಅವನ ದೊಡ್ಡಪ್ಪ ಕೂಗಿದರು.

“ಕೂತ್ಕಳ್ಳಾ ಪುಟ್ಟಸ್ವಾಮಿ! ನಮ್ ಗದ್ದೇಲಿ ನಾಟಿ ಆಕೋನ್ಗೆ ನೀನು ಎದ್ ನಿಲ್ಲಾದಾ?”

ಅವನು ಕೂತುಬಿಟ್ಟ.

ಹಾರ್ಮೋನಿಯಂ ನಿಂತಿತು. ಮಹದೇವನ ಕೈ ತಲೆಗೆ ಹೋಯಿತು. “ಬುಡಿ ಮೇಷ್ಟ್ರೇ, ನಾನು ದಳವಾಯಿನೇ ಆಯ್ತೀನಿ. ಊರಲ್ಲಿ ಜಗಳ ಬ್ಯಾಡ.”

“ಕೈ ಇಳಿಸು” ಎಂದರು ಮೇಷ್ಟ್ರು. “ಚಕ್ರವರ್ತಿ ಕಿರೀಟ ತೆಗೆದ್ರೆ ಕೆಳಗಿರೋರೆಲ್ಲ ತೆಗೀಬೇಕಾಗುತ್ತೆ.” ಆಮೇಲೆ ಪುಟ್ಟಸ್ವಾಮಿಯ ಕಡೆ ತಿರುಗಿ, “ನಿನಗೆ ಏಳೋಕೆ ಆಗ್ದಿದ್ರೆ ಕಿರೀಟ ಕೊಡಪ್ಪ. ನಾನೇನೂ ಬೈಯೋದಿಲ್ಲ” ಎಂದರು.

ಪುಟ್ಟಸ್ವಾಮಿ ದೊಡ್ಡಪ್ಪನ ಮುಖ ನೋಡಿದ. ಕಿರೀಟವನ್ನು ಕುರ್ಚಿಯ ಮೇಲಿಟ್ಟು ಕೆಳಗಿಳಿದ.

ಮೇಷ್ಟ್ರು ರಂಗ ಹತ್ತಿದರು. ಅರವತ್ತು ದಾಟಿದ್ದ ಅವರಿಗೆ ಮಂಡಿನೋವು. ಆ ಕಿರೀಟ ಎತ್ತಿ ತಮ್ಮ ಬೋಳುತಲೆಗೆ ಇಟ್ಟುಕೊಂಡು ಸಾಮಂತನ ಕುರ್ಚಿಯಲ್ಲಿ ಕೂತರು. ಯಾರೋ ಕಿಸಕ್ಕೆಂದರು. “ಹೊರಗೆ ಹೋಗಿ ಮತ್ತೆ ಬಾ” ಎಂದರು ಮಹದೇವನಿಗೆ.

ಅವನು ಬಂದ. ಮೇಷ್ಟ್ರು ಮಂಡಿಯ ಮೇಲೆ ಕೈಯೂರಿ ಎದ್ದು, ಕೈ ಮುಗಿದು ನಿಂತರು.

ಈಗ ಚಕ್ರವರ್ತಿ ‘ಆಸೀನರಾಗಿ’ ಅನ್ನಬೇಕು. ಮಹದೇವ ಮೇಷ್ಟ್ರ ಮಂಡಿಯನ್ನೇ ನೋಡುತ್ತಿದ್ದ. ಎತ್ತಿಕೊಡಬೇಕಾದ ನಾನೂ ಪ್ರತಿ ಬಿಟ್ಟು ಅದನ್ನೇ ನೋಡುತ್ತಿದ್ದೆ. ಮೇಷ್ಟ್ರ ಕಾಲು ನಡುಗುವುದು ಕಾಣುತ್ತಿತ್ತು. ಅವರು ಕೂರಲಿಲ್ಲ.

“ಕೂತ್ಕಳಿ ಮೇಷ್ಟ್ರೇ...” ಎಂದ ಮಹದೇವ ಕೊನೆಗೆ.

“ಇಲ್ಲಿ ಮೇಷ್ಟ್ರಿಲ್ಲ, ಪ್ರಭು. ಸಾಮಂತ ಇದ್ದಾನೆ.”

ಮಹದೇವ ಎದೆ ನೆಟ್ಟಗೆ ಮಾಡಿದ. “ಸಾಮಂತರೇ, ಆಸೀನರಾಗಿ!” ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮೇಷ್ಟ್ರು ಕೂತರು. ನಾಟಕದ ದಿನವೂ ಆ ಪಾತ್ರ ಅವರೇ ಮಾಡಿದರು, ಪ್ರತಿ ದರ್ಬಾರಿನಲ್ಲೂ ಎದ್ದರು. ಆ ಊರಿನವರು ಅವರನ್ನು ಮತ್ತೆ ಕರೆಯಲಿಲ್ಲ. ಮೇಷ್ಟ್ರಿಗಿಂತ ದೊಡ್ಡವರನ್ನು ನಾನು ಯಾವ ಕುರ್ಚಿಯಲ್ಲೂ ಕಂಡಿಲ್ಲ.

ತಿಥಿಯ ದಿನ ಪುಟ್ಟಸ್ವಾಮಿ ಬಂದಿದ್ದ, ತಲೆ ನರೆತಿದೆ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಪಕ್ಕ ಕೂತಿದ್ದ. ಮಹದೇವ ಗೇಟು ತೆರೆದು ಒಳಗೆ ಬಂದಾಗ ಪುಟ್ಟಸ್ವಾಮಿ ಎದ್ದ. ಜಾಗ ಬಿಡಲು ಎದ್ದನೋ, ಊಟಕ್ಕೆ ಕರೆದರೆಂದು ಎದ್ದನೋ, ಖಚಿತವಾಗಿ ಹೇಳಲಾರೆ. ಎದ್ದದ್ದನ್ನು ಕಂಡೆ. ಮೇಷ್ಟ್ರಿಗೆ ಹೇಳೋಣವೆಂದು ತಿರುಗಿದೆ... ಗೋಡೆಯ ಮೇಲೆ ಹಾರ ಹಾಕಿದ ಅವರ ಫೋಟೋ ಇತ್ತು.

ಆ ಮಧ್ಯಾಹ್ನ ರಂಗದ ಮೇಲೂ ಮರೆಯಲ್ಲೂ ಇದ್ದವರಲ್ಲಿ ಉಳಿದವರು ನಾವು ಮೂವರೇ. ಹೆಮ್ಮರಗಾಲದ ಮಗಳ ಮನೆಯಲ್ಲಿರುವ ಮಹದೇವ, ನಾಟಕವಾಡಿದ ಆ ಊರಿನಲ್ಲೇ ಇರುವ ಪುಟ್ಟಸ್ವಾಮಿ, ಮತ್ತೆ ನಾನು.