ಕುರಿ ಉಸಿರಾಡಾಕತ್ತದೇನು?

ತಾಂಡೂರಿನ ಮಹಾನಂದಾಳಿಗೆ ಒಂದು ಚಟವಿತ್ತು. ಯಾರು ಏನು ಹೇಳಲು ಬಾಯಿ ತೆರೆದರೂ ಸರಿ, ಮೊದಲು "ಉಸಿರಾಡಾಕತ್ತಾರೇನು?" ಎಂದು ಕೇಳಿಬಿಡುವುದು. ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ ಸಂಗು ಫೋನಿನಲ್ಲಿ ತನ್ನ ಮ್ಯಾನೇಜರನ ಸುದ್ದಿ ತೆಗೆದರೂ ಅದೇ ಪ್ರಶ್ನೆ. ನಾರಾಯಣಖೇಡದಿಂದ ತಾಯಿ ಸುಗಲಾಬಾಯಿ ಸೊಸೆಯ ಮೇಲೆ ದೂರು ಹೇಳಲು ಫೋನ್ ಮಾಡಿದರೂ ಅದೇ ಪ್ರಶ್ನೆ. ಸುಗಲಾಬಾಯಿ ಒಮ್ಮೆ ಬೇಸತ್ತು, ಉಸಿರಾಡುತ್ತಿದ್ದಾಳೆ, ನನ್ನ ತೊಂದರೆಯೇ ಅದು ಎಂದಿದ್ದಳು.

ಇದರಲ್ಲಿ ಮಹಾನಂದಾಳ ತಪ್ಪೇನೂ ಇಲ್ಲ. ಹನ್ನೊಂದು ವರ್ಷ ನೂರಾ ಎಂಟರ ಅಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ಕೊಡಂಗಲ್, ಕರಣಕೋಟ, ಬೊಮ್ರಾಸಪೇಟ್ ಎಂದು ಓಡಾಡಿದವಳು ಅವಳು. ಕರೆ ಬಂದ ತಕ್ಷಣ ಗಾಡಿಯಿಂದಲೇ ಫೋನ್ ಹಚ್ಚಿ ಆ ಪ್ರಶ್ನೆ ಕೇಳಬೇಕು. ಉತ್ತರ ಏನೇ ಬರಲಿ, ಡ್ರೈವರ್ ಕಾಶಿರಾಮ ಇನ್ನಷ್ಟು ಜೋರಾಗಿ ಓಡಿಸುತ್ತಿದ್ದ. ರಸ್ತೆಯ ಗುಂಡಿಗಳ ಮೇಲೆ ಅವನಿಗೆ ಯಾವ ಜನ್ಮದ ಹಗೆಯೋ, ಒಂದನ್ನೂ ತುಳಿಯದೆ ಬಿಡುತ್ತಿರಲಿಲ್ಲ. ಹನ್ನೊಂದನೆಯ ವರ್ಷಕ್ಕೆ ಮಹಾನಂದಾಳ ಬೆನ್ನಿನ ಡಿಸ್ಕ್ ಜಾರಿತು. ಇನ್ನೊಂದು ವರ್ಷ ಆ ಗಾಡಿ ಹತ್ತಿದರೆ ಮಲಗಿಕೊಂಡೇ ಪ್ರಯಾಣ ಮಾಡಬೇಕಾದೀತು ಎಂದು ಡಾಕ್ಟರು ಹೇಳಿದರು.

ಅಂಚೆಯ ಮೂಲಕ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡದ್ದು ಆಗ ಕೈ ಹಿಡಿಯಿತು. ಪೊಲೀಸ್ ಕಚೇರಿಯಲ್ಲಿ ಹೊಸದಾಗಿ ತೆರೆದ ವಿಭಾಗಕ್ಕೆ "ಅಪರಾಧ ಮತ್ತು ಗುಪ್ತಮಾಹಿತಿ ವಿಶ್ಲೇಷಕಿ" ಎಂದು ಗುತ್ತಿಗೆಯ ಮೇಲೆ ಸೇರಿದಳು. ಸಂಗುವಿನ ಬಾಯಿಗೆ ಅಷ್ಟುದ್ದದ ಹೆಸರು ಹಿಡಿಯಲಿಲ್ಲ. ನಮ್ಮಾಕಿ ಸಿಐಡಿಯಲ್ಲಿದ್ದಾಳೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದ. ಅಂದಿನಿಂದ ಅವಳು ನಳದ ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲತೊಡಗಿತು. ಹಾಲಿನವನಂತೂ ಯಾರೂ ಕೇಳದೆಯೇ ನೀರು ಬೆರೆಸುವುದನ್ನು ಬಿಟ್ಟ.

ಇದೆಲ್ಲ ಹೊರಗಿನ ವೈಭವ. ಒಳಗಿನ ಕಥೆ ಬೇರೆ. ಇನ್‌ಸ್ಪೆಕ್ಟರ್ ಧನರಾಜ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಮೂರು ತಿಂಗಳಲ್ಲಿ ಉಪಯೋಗಕ್ಕೆ ಬರುವ ಒಂದು ವರದಿ ಕೊಡಬೇಕು, ಇಲ್ಲವಾದರೆ ನಮಸ್ಕಾರ. ಹಾಗೆ ಕಳಿಸಿಬಿಟ್ಟರೆ ಎಲ್ಲಿಗೆ ಹೋಗುವುದು? ಹಳೆಯ ಗಾಡಿ ಹತ್ತಲು ಬೆನ್ನು ಒಪ್ಪುವುದಿಲ್ಲ. ಬೇರೆ ಕೆಲಸ ಬರುವುದಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು, ಅದನ್ನು ಅವಳು ಸಂಗುವಿಗೂ ಹೇಳಿರಲಿಲ್ಲ. ಗಾಡಿಯಲ್ಲಿದ್ದಾಗ ಸಂಜೆ ಮನೆಗೆ ಬಂದರೆ, ಇವತ್ತು ಯಾರ ಕೈ ತನ್ನ ಕೈಯನ್ನು ಹಿಡಿದಿತ್ತು ಎಂಬುದು ಅಂಗೈಗೇ ನೆನಪಿರುತ್ತಿತ್ತು. ಇಲ್ಲಿ ಕಂಪ್ಯೂಟರಿನಲ್ಲಿ ಸಾಲು ಸಾಲು ಕೋಷ್ಟಕ. ಯಾರಿಗೂ ಬೇಡದವಳಾದೆನೇ ಎಂದು ಅವಳಿಗೆ ಅಳು ಬರುತ್ತಿತ್ತು.

ಅವಳಿಗೆ ಕೊಟ್ಟ ಮೊದಲ ಕೆಲಸ ಕುರಿ ಕಳ್ಳತನ. ಒಂದು ವರ್ಷದಲ್ಲಿ ಸುತ್ತಲಿನ ಹಳ್ಳಿಗಳಿಂದ ಮೂವತ್ತೇಳು ದೂರು ಬಂದಿದ್ದವು. ಮೇಯಲು ಹೋಗದೆ ದೊಡ್ಡಿಯಲ್ಲಿ ಉಳಿದ ಬಸುರಿ ಕುರಿ, ಮನೆ ಮುಂದೆ ಕಟ್ಟಿ ಕೊಬ್ಬಿಸಿದ ಟಗರು, ಇಂಥವೇ ಹಗಲು ಹೊತ್ತಿನಲ್ಲಿ ಮಾಯವಾಗುತ್ತಿದ್ದವು. ದಾಖಲೆಯಲ್ಲಿ ದಿನಾಂಕ ಬರೆಯಲು ಎರಡು ಖಾನೆಗಳಿದ್ದವು. ಒಂದು ತುಂಬಿತ್ತು, ಇನ್ನೊಂದು ಹೆಚ್ಚುಕಡಿಮೆ ಖಾಲಿ. ಮಹಾನಂದಾ ತುಂಬಿದ್ದನ್ನು ತೆಗೆದುಕೊಂಡಳು. ಯಾರೇ ಆದರೂ ಅದನ್ನೇ ತೆಗೆದುಕೊಳ್ಳುತ್ತಿದ್ದರು ಎಂದು ಅವಳ ಪರವಾಗಿ ನಾನೇ ಹೇಳಿಬಿಡುತ್ತೇನೆ. ಲೆಕ್ಕ ಹಾಕಿ ನೋಡಿದರೆ, ಮೂವತ್ತೇಳರಲ್ಲಿ ಮೂವತ್ತನಾಲ್ಕು ಸೋಮವಾರ.

ಕಳ್ಳರು ಸೋಮವಾರ ಮಾತ್ರ ಬರುತ್ತಾರೆ! ಬಣ್ಣಬಣ್ಣದ ಕಂಬಗಳಿರುವ ಚಿತ್ರ ಮಾಡಿ ಧನರಾಜರ ಮುಂದಿಟ್ಟಳು. ಸೋಮವಾರದ ಕಂಬ ಎಷ್ಟೆತ್ತರವಿತ್ತೆಂದರೆ ಹಾಳೆಯಲ್ಲಿ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದ್ದಳು. ಇನ್‌ಸ್ಪೆಕ್ಟರ್ ಸಾಹೇಬರೂ ಹಿಗ್ಗಿದರು. ಮುಂದಿನ ಸೋಮವಾರ ಕಚೇರಿಯ ಕಾನ್‌ಸ್ಟೇಬಲ್‌ಗಳನ್ನೆಲ್ಲ ಹಳ್ಳಿಹಳ್ಳಿಗೆ ಹಂಚಿ ಕಳಿಸಿದರು.

ಆ ಸೋಮವಾರ ಮಧ್ಯಾಹ್ನ ಕಚೇರಿಯಲ್ಲಿ ಮಹಾನಂದಾ ಒಬ್ಬಳೇ ಕೂತು, ಕಳ್ಳರು ಸಿಕ್ಕ ಸುದ್ದಿ ಈಗ ಬಂದೀತು, ಆಗ ಬಂದೀತು ಎಂದು ಫೋನ್ ನೋಡುತ್ತಿದ್ದಳು. ಫೋನ್ ಬರುವ ಮೊದಲು ಒಬ್ಬ ಮುದುಕಿ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸಂತೆಯ ಚೀಲ. ಬೊಮ್ರಾಸಪೇಟ್ ಹತ್ತಿರದ ಹಳ್ಳಿಯ ಮರೆಮ್ಮ, ಕುರಿ ಸಾಕುವವಳು. ನನ್ನ ಬಸುರಿ ಕುರಿ ಕದ್ದುಕೊಂಡು ಹೋಗಿದ್ದಾರೆ ಎಂದಳು. ಮಹಾನಂದಾಳ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

"ಕುರಿ ಉಸಿರಾಡಾಕತ್ತದೇನು?"

ಮರೆಮ್ಮ ಸಂತೆಯ ಚೀಲವನ್ನು ಕೆಳಗಿಟ್ಟಳು. "ನನಗ ಹ್ಯಾಂಗ ಗೊತ್ತಾಗಬೇಕು ನನ್ನವ್ವಾ? ನಾನೂ ಅದನ್ನೇ ಕೇಳ್ಕೋತ ಕೂತೀನಿ."

ಮಹಾನಂದಾ ನಾಚಿಕೊಂಡು, ಕುರಿ ಹೋದದ್ದು ಯಾವಾಗ ಎಂದು ಕೇಳಿದಳು. ಬುಧವಾರ ಎಂದಳು ಮರೆಮ್ಮ. ಬುಧವಾರ ಹೋದ ಕುರಿಗೆ ಸೋಮವಾರ ಯಾಕೆ ಬಂದಿರಿ, ಐದು ದಿನ ಸುಮ್ಮನೆ ಯಾಕೆ ಇದ್ದಿರಿ ಎಂದು ಕೇಳಿದ್ದಕ್ಕೆ ಮುದುಕಿ, ಇಷ್ಟೂ ತಿಳಿಯದವಳನ್ನು ಇಲ್ಲಿ ಕೂರಿಸಿದ್ದಾರಲ್ಲ ಎನ್ನುವಂತೆ ವಿವರಿಸಿದಳು.

"ಬಸ್ಸು ಹೆಣ್ಮಕ್ಕಳಿಗಿ ಪುಕ್ಕಟ ಅದ, ಖರೆ. ಆದ್ರ ಉಳಿದ ಕುರಿ ಕಾಯೋರು ಯಾರು? ಸೋಮವಾರ ಹ್ಯಾಂಗೂ ಸಂತಿಗಿ ಬರಾದದ. ಉಪ್ಪು, ಎಲಿ ಅಡಕಿ, ಪೊಲೀಸು, ಎಲ್ಲಾ ಒಂದೇ ಸುತ್ತಿನ್ಯಾಗ ಮುಗಿತದ."

ಮಹಾನಂದಾಳ ಕಣ್ಣಿಗೆ ಆ ಎತ್ತರದ ಕಂಬ ಕಾಣಿಸಿತು. ತುಂಬಿದ್ದ ಖಾನೆ ದೂರು ಬರೆಸಿದ ದಿನದ್ದು, ಖಾಲಿ ಬಿದ್ದದ್ದು ಕುರಿ ಹೋದ ದಿನದ್ದು. ಸೋಮವಾರ ಬರುವವರು ಕಳ್ಳರಲ್ಲ, ಕಳಕೊಂಡವರು. ಹನ್ನೊಂದು ವರ್ಷ ಗಾಡಿಯಲ್ಲಿದ್ದವಳಿಗೆ ಕರೆ ಬಂದ ಹೊತ್ತೇ ಆಪತ್ತಿನ ಹೊತ್ತು. ಎದೆನೋವು ಬಂದವರು ಯಾರೂ ಸಂತೆಯ ತನಕ ಕಾಯುವುದಿಲ್ಲ. ಕುರಿಯ ವಿಷಯ ಹಾಗಲ್ಲ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಹಳ್ಳಿಯ ಜನರೆಲ್ಲ ಸಂತೆಗೆ ಹೋಗಿದ್ದರಿಂದ ಕಾನ್‌ಸ್ಟೇಬಲ್‌ಗಳು ಬೆಳಗಿನಿಂದ ಬರೀ ಕೋಳಿಗಳನ್ನು ಕಾಯುತ್ತ ಕೂತಿದ್ದರು. ಇತ್ತ ಸಂತೆಯಲ್ಲಿ ಪೊಲೀಸರ ಟೋಪಿ ಒಂದೂ ಕಾಣದೆ ಜೇಬುಗಳ್ಳರಿಗೆ ಹಬ್ಬವಾಗಿ ಒಂಬತ್ತು ಮೊಬೈಲ್ ಹೋಗಿದ್ದವು. ಒಂಬತ್ತನೆಯದು ಇನ್‌ಸ್ಪೆಕ್ಟರ್ ಸಾಹೇಬರ ಮನೆಯವರದು.

ಧನರಾಜರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಕ್ಯಾಲೆಂಡರ್ ತಂದು, ಅವಳ ಮೂರು ತಿಂಗಳು ಮುಗಿಯಲು ಇನ್ನು ಹದಿನೆಂಟು ದಿನ ಇದೆ ಎಂದು ಬೆರಳಿಟ್ಟು ತೋರಿಸಿ ಹೋದರು.

ಮರುದಿನದಿಂದ ಮಹಾನಂದಾ ಮೂವತ್ತೇಳು ಮನೆಗೂ ಫೋನ್ ಹಚ್ಚತೊಡಗಿದಳು. ಕುರಿ ನಿಜವಾಗಿ ಹೋದ ದಿನ ಯಾವುದು? ಯಾರಿಗೂ ತಾರೀಖು ನೆನಪಿಲ್ಲ. ಮೊದಲನೆಯವನು ಅವಳ ದನಿ ಗುರುತು ಹಿಡಿದು, "ನಿಮ್ಮ ಅಂಬುಲೆನ್ಸ್ ಬಂದಿತ್ತಲ್ರಿ ಬಾಯಿ, ಅದೇ ದಿನ" ಎಂದ. ಜನ ತನ್ನ ಗಾಡಿಯನ್ನು ಇನ್ನೂ ನೆನೆಸುತ್ತಾರಲ್ಲ ಎಂದು ಅವಳಿಗೆ ಖುಷಿಯಾಯಿತು. ಎರಡನೆಯವಳೂ ಅದನ್ನೇ ಹೇಳಿದಾಗ ಕಣ್ಣು ತುಂಬಿ ಬಂತು. ನಾಲ್ಕನೆಯವನ ತನಕ ಹೀಗೇ ಉಬ್ಬುತ್ತ ಹೋದಳು. ಐದನೆಯವನು ಅದನ್ನೇ ಹೇಳಿದಾಗ ಮಾತ್ರ ಬಾಯಿಗೆ ಒಯ್ದಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

ಮನೆಗೆ ಹೋಗಿ ಟ್ರಂಕಿನಿಂದ ತನ್ನ ಹಳೆಯ ಡೈರಿ ತಂದಳು. ಹೋದ ಪ್ರತಿ ಹಳ್ಳಿಯನ್ನೂ ಅದರಲ್ಲಿ ಬರೆದಿಡುತ್ತಿದ್ದಳು. ಹೋಗಿ ನೋಡಿದರೆ ರೋಗಿಯೇ ಇಲ್ಲದ ಸುಳ್ಳು ಕರೆಗಳನ್ನು ಸಿಟ್ಟಿನಿಂದ ಕೆಂಪು ಶಾಯಿಯಲ್ಲಿ ಬರೆದಿದ್ದಳು.

ನಮ್ಮ ಕಡೆ ಹಳ್ಳಿಗೆ ಅಂಬುಲೆನ್ಸ್ ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಒಲೆಯ ಮೇಲಿನ ರೊಟ್ಟಿ ಒಲೆಯ ಮೇಲೇ ಬಿಟ್ಟು ಇಡೀ ಊರು ಗಾಡಿಯ ಸುತ್ತ ನೆರೆಯುತ್ತದೆ. ಮಜ್ಜಿಗೆ ಕುಡಿಸಿ ಎನ್ನುವವರು, ಕುಡಿಸಬೇಡಿ ಎನ್ನುವವರು, ಅಂಗಾಲು ತಿಕ್ಕಿ ಎನ್ನುವವರು. ಸುಳ್ಳು ಕರೆಯಾದರಂತೂ ಮುಗಿಯಿತು, ಯಾರಿಗೆ ಏನಾಗಿದೆ ಎಂದು ಪತ್ತೆ ಹಚ್ಚುವ ತನಕ ಒಬ್ಬರೂ ಕದಲುವುದಿಲ್ಲ. ಒಮ್ಮೆ ಒಂದು ಊರಿನವರು, ಗಾಡಿ ಬರಿದೇ ಹೋಗಬಾರದು ಎಂದು, ಬೆಳಗಿನಿಂದ ಯಾಕೋ ಸಪ್ಪಗಿದ್ದಾನೆ ಎಂಬ ಕಾರಣಕ್ಕೆ ಎಲ್ಲಮ್ಮ ಎಂಬವಳ ಗಂಡನನ್ನು ಎತ್ತಿ ಸ್ಟ್ರೆಚರಿನಲ್ಲಿ ಮಲಗಿಸಿದ್ದರು. ಅವನು ಸಪ್ಪಗಿದ್ದದ್ದು ಹೆಂಡತಿ ಮಾತು ಬಿಟ್ಟಿದ್ದಕ್ಕೆ.

ಊರೆಲ್ಲ ಒಂದು ತುದಿಯಲ್ಲಿ ಹೀಗೆ ನೆರೆದಾಗ ಇನ್ನೊಂದು ತುದಿಯ ದೊಡ್ಡಿಯಲ್ಲಿ ಯಾರಿರುತ್ತಾರೆ? ಯಾರೂ ಇಲ್ಲ. ಮಹಾನಂದಾ ಡೈರಿಯನ್ನೂ ದೂರುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡಳು. ತಾನು ಗಾಡಿ ಬಿಟ್ಟ ಮೇಲಿನದನ್ನು ಕಾಶಿರಾಮನನ್ನು ಕೇಳಿ ಸೇರಿಸಿದಳು. ಮೂವತ್ತೇಳರಲ್ಲಿ ಮೂವತ್ತೊಂದು ಸುಳ್ಳು ಕರೆಯ ದಿನವೇ. ಹೊಟ್ಟೆನೋವು ಎಂದು ಫೋನ್ ಮಾಡಿ ಅವಳನ್ನು ಕರೆಸುತ್ತಿದ್ದವರು ಕಳ್ಳರೇ. ಸೈರನ್ ಹಾಕಿಕೊಂಡು ಹೋಗಿ ಅವರಿಗಾಗಿ ಊರನ್ನು ಖಾಲಿ ಮಾಡಿಸಿಕೊಡುತ್ತಿದ್ದವಳು ಇವಳೇ. ಅದೂ ಬೆನ್ನು ಮುರಿದುಕೊಂಡು.

ಧನರಾಜರು ಡೈರಿಯನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಮತ್ತ ಕೋಳಿ ಕಾಯಾಕ ಹಚ್ಚಬ್ಯಾಡ್ರಿ ಮೇಡಂ" ಎಂದು ಮಾತ್ರ ಹೇಳಿ ಒಂದು ಜೀಪು, ಇಬ್ಬರು ಪೇದೆಗಳು ಮತ್ತು ಹೆಡ್ ಕಾನ್‌ಸ್ಟೇಬಲ್ ಗಂಗಾರಾಮನನ್ನು ಕೊಟ್ಟರು.

ಉಪಾಯ ಸರಳ. ಕಾಶಿರಾಮನಿಗೆ ಆ ಕಡೆಯ ಹಳ್ಳಿಯಿಂದ ಕರೆ ಬಂದರೆ ಅವನು ಇವಳಿಗೊಂದು ಫೋನ್ ಮಾಡಬೇಕು. ಅವನು ಊರಿನ ಮುಂದೆ ಹೋದರೆ ಇವರು ಊರಿನ ಹಿಂದೆ ಹೋಗಬೇಕು. ಮೊದಲ ಸಲ ನಿಜವಾಗಿಯೂ ಒಬ್ಬಳಿಗೆ ಹೆರಿಗೆ ನೋವು. ತಾಯಿ ಮಗು ಚೆನ್ನಾಗಿದ್ದರು, ದೊಡ್ಡಿಯಲ್ಲಿ ಅಡಗಿದ್ದ ಗಂಗಾರಾಮನಿಗೆ ಮಾತ್ರ ಟಗರು ಗುದ್ದಿತ್ತು. ಎರಡನೆಯ ಸಲ ಚೇಳು ಕಡಿದ ಮನುಷ್ಯ, ಅದೇ ಗಂಗಾರಾಮ, ಬೇರೆ ಟಗರು. ಇನ್ನು ಈ ಹೆಂಗಸಿನ ಜೊತೆ ಹೋಗುವುದಿಲ್ಲ ಎಂದು ಅವನು ಸಾಹೇಬರ ಮುಂದೆ ನಿಂತು ಹೇಳಿದ. ಕೂತು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಉಳಿದದ್ದು ನಾಲ್ಕೇ ದಿನ. ಮೂರನೆಯ ಕರೆ ಹೊಟ್ಟೆನೋವಿನದು, ಕೊಡಂಗಲ್ ರಸ್ತೆಯ ಹಳ್ಳಿ. ಗಂಗಾರಾಮ ಗೊಣಗುತ್ತಲೇ ಜೀಪು ಹತ್ತಿದ. ಊರ ಮುಂದೆ ಸೈರನ್ ಕೇಳಿಸಿತು, ಓಣಿಗಳು ಖಾಲಿಯಾದವು. ಐದು ನಿಮಿಷಕ್ಕೆ ಹಿಂದಿನ ಹೊಲದ ದಾರಿಯಿಂದ ಬಿಳಿ ವ್ಯಾನ್ ಒಂದು ಬಂದು ದೊಡ್ಡಿಯ ಹತ್ತಿರ ನಿಂತಿತು. ಇಬ್ಬರು ಇಳಿದು ಎರಡು ಕುರಿಗಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ, ಯಾರಾದರೂ ನೋಡಿದರೆ ಮನೆಯ ಹಿರಿಯರು ಎನ್ನಿಸಲಿ ಎಂದು ಶಾಲು ಹೊದಿಸಿದರು. ಪೇದೆಗಳು ಅವರ ಮೇಲೆ ಬಿದ್ದರು.

ಒಬ್ಬ ಓಡಲು ಹೋಗಿ ಸಗಣಿಯಲ್ಲಿ ಜಾರಿದ. ಇನ್ನೊಬ್ಬ ಜಾಣ, ಎದೆ ಹಿಡಿದುಕೊಂಡು ಕುಸಿದು ಕೂತ. ಎದೆ ಒಡೆಯುತ್ತಿದೆ, ಅಂಬುಲೆನ್ಸ್ ಕರೆಸಿ ಎಂದು ನರಳತೊಡಗಿದ. ನೀನೇ ಕರೆಸಿದ್ದೀಯಲ್ಲಪ್ಪ, ಊರ ಮುಂದೆಯೇ ನಿಂತಿದೆ ಎಂದ ಗಂಗಾರಾಮ. ಮಹಾನಂದಾ ಮುಂದೆ ಬಂದು ಕಳ್ಳನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದಳು.

"ಎಪ್ಪತ್ತೆರಡು. ನನಗಿಂತ ಚಲೋ ಅದ. ಒಯ್ರಿ ಇವನ್ನ."

ಒಂದು ಹಳೆಯ ಕಲ್ಲಿನ ಗಣಿಯ ಶೆಡ್ಡಿನಲ್ಲಿ, ಹಬ್ಬದ ಮಾರಾಟಕ್ಕೆಂದು ಕೂಡಿಹಾಕಿದ್ದ ಹನ್ನೊಂದು ಕುರಿಗಳು ಸಿಕ್ಕವು. ಕಿವಿಯ ಗುರುತು ನೋಡಿ ಅವರವರಿಗೆ ಕಳಿಸಿದರು. ಮಹಾನಂದಾ ಎರಡು ಪುಟದ ವರದಿ ಬರೆದಳು, ಈ ಸಲ ಕಂಬದ ಚಿತ್ರವಿಲ್ಲದೆ. ಧನರಾಜರು ಓದಿ, ಒಂದು ವರ್ಷದ ಗುತ್ತಿಗೆಗೆ ಸಹಿ ಹಾಕಿದರು. ಸಂಗು ಓಣಿಯಲ್ಲಿ ಪೇಡೆ ಹಂಚಿದ. ಅವಳಿಗೂ ಸಂತೋಷವಾಯಿತು, ಇಲ್ಲವೆಂದರೆ ಸುಳ್ಳಾದೀತು. ಆದರೂ ಸಂಜೆ ಮನೆಗೆ ಬಂದು ಅಂಗೈ ನೋಡಿಕೊಂಡರೆ ಅಲ್ಲಿ ಏನೂ ಇರಲಿಲ್ಲ.

ಆಮೇಲಿನ ವಾರ, ಬುಧವಾರ, ಕಚೇರಿಯ ಬಾಗಿಲಲ್ಲಿ ಗದ್ದಲವೆದ್ದಿತು. ಗಂಗಾರಾಮ ಓಡಿಬಂದು ಕಪಾಟಿನ ಹಿಂದೆ ನಿಂತ. ಅವನ ಹಿಂದೆಯೇ ಒಂದು ಕುರಿ, ಅದರ ಹಿಂದೆ ಒಂದು ಪುಟ್ಟ ಮರಿ, ಮರಿಯ ಹಿಂದೆ ಮರೆಮ್ಮ. ಬಸ್ಸಿನಲ್ಲಿ ಬಂದಿದ್ದಳು. ಕಂಡಕ್ಟರ್ ಕುರಿಗೆ ಟಿಕೆಟ್ ಹರಿದನಂತೆ. ಇದೂ ಹೆಣ್ಣೇ, ಇದಕ್ಕೂ ಪುಕ್ಕಟೆ ಬಿಡು ಎಂದರೆ, ಹಾಗಾದರೆ ಇದರ ಆಧಾರ್ ಕಾರ್ಡ್ ತೋರಿಸು ಎಂದನಂತೆ. ಮುದುಕಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಇವತ್ತು ಸಂತೆಯಿಲ್ಲವಲ್ಲ, ಉಳಿದ ಕುರಿ ಬಿಟ್ಟು ಯಾಕೆ ಬಂದಿರಿ, ಮತ್ತೇನಾದರೂ ಕಳುವಾಯಿತೇ ಎಂದು ಮಹಾನಂದಾ ಗಾಬರಿಯಿಂದ ಕೇಳಿದಳು.

"ಏನೂ ಹೋಗಿಲ್ಲವ್ವಾ. ಅವತ್ತು ನೀ ಒಬ್ಬಾಕಿನೇ ಕೇಳಿದ್ದಿ, ಉಸಿರಾಡಾಕತ್ತದೇನು ಅಂತ. ಹೇಳಾಕ ಬಂದೀನಿ. ನೋಡು, ಉಸಿರಾಡಾಕತ್ತದ."

ಮಹಾನಂದಾ ಕುರ್ಚಿ ಸರಿಸಿ, ಬೆನ್ನು ಬೇಡವೆಂದರೂ ನೆಲದ ಮೇಲೆ ಕೂತಳು. ಕುರಿಯ ಪಕ್ಕೆಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಏರುತ್ತಿತ್ತು, ಇಳಿಯುತ್ತಿತ್ತು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಆಮೇಲೆ ಮರಿಯನ್ನು ಹತ್ತಿರ ಎಳೆದುಕೊಂಡು ಅದರದನ್ನೂ ಎಣಿಸಿದಳು.